ಮತ್ಸುಯಾಮಾದ ಮನೆಗೊಂದು ‘ಹಾಯ್’

ಒಂದು ಶನಿವಾರ ಬೆಳಿಗ್ಗೆ ದ್ವಾರಕನಾಥ್ ಇಡ್ಲಿ ತಟ್ಟೆ ಹಿಡಿದು ಎದ್ದು ನಿಂತು ಘೋಷಿಸಿದರು: “ರೇಣುಕಾ, ಜಪಾನಲ್ಲಿ ಮನೆ ತಗೋತಿದೀನಿ! ಇನ್ಮೇಲೆ ನಮ್ಮ ತಲೆ ಮೇಲೆ ಇನ್ನೊಬ್ಬರ ನೆಲ ಇರಕೂಡದು!”

“ಮೊದಲು ಕೂತ್ಕೊಳ್ರಿ. ಚಟ್ನಿ ಬೀಳ್ತಿದೆ,” ಎಂದರು ಹೆಂಡತಿ.

ನಗುವ ಮಾತೇನೋ ಹೌದು. ಆದರೆ ಆಸೆ ಹಳೆಯದು. ಬೆಂಗಳೂರಿನ ವಠಾರದಲ್ಲಿ ಹುಟ್ಟಿದವರು ಅವರು. ಪಕ್ಕದ ಮನೆಯವರು ಸೀನಿದರೆ ಇವರ ಮನೆಯ ಗೋಡೆ ಅದುರುತ್ತಿತ್ತು. ಈಗ ಸಿಂಗಾಪುರದ ಪುಂಗೋಲ್ ಬಡಾವಣೆಯ ಫ್ಲ್ಯಾಟಿನಲ್ಲಿ, ಹದಿನಾಲ್ಕನೇ ಮಹಡಿಯಲ್ಲಿ, ಮೇಲಿನವರು ಕುರ್ಚಿ ಎಳೆದರೆ ಇವರ ನಿದ್ದೆ ಹಾರುತ್ತದೆ. ಹೀಗಿರುವಾಗ ರಾಫೆಲ್ಸ್ ಪ್ಲೇಸಿನ ಆಫೀಸಿಗೆ ಹೋಗುವ ರೈಲಿನಲ್ಲಿ, ಫೋನಿನೊಳಗೆ ಕಂಡಿತು ಆ ಜಾಹೀರಾತು: ಮತ್ಸುಯಾಮಾ ನಗರದಲ್ಲಿ ಹಳೆಯ ಹೆಂಚಿನ ಮನೆ, ಅಂಗಳದಲ್ಲಿ ಪರ್ಸಿಮನ್ ಹಣ್ಣಿನ ಮರ, ಯಾರ ಗೋಡೆಗೂ ತಾಗದ ಗೋಡೆಗಳು. ಪ್ರದಕ್ಷಿಣೆ ಹಾಕಬಹುದಾದ ಮನೆ!

ಮರುದಿನ ವಿಡಿಯೋ ಕಾಲಿನಲ್ಲಿ ಮನೆ ತೋರಿಸುವ ಏರ್ಪಾಡಾಯಿತು. ಶಾಲೆಯಲ್ಲಿ ಜಪಾನೀ ಕಲಿತಿದ್ದ ಮಗಳು ಖುಷಿ ಓಡಲು ಹೋಗಿದ್ದಳು.

“ಅವಳು ಬರ್ಲಿ ತಾಳಿ,” ಎಂದರು ರೇಣುಕಾ.

“ಮೂರು ತಿಂಗಳು ಆ್ಯಪಲ್ಲಿ ಕಲಿತಿದೀನಿ ಕಣೇ! ‘ಹಾಯ್’ ಅಂದ್ರೆ ಹೌದು. ಅರ್ಧ ಭಾಷೆ ಬಂದ ಹಾಗೇ!”

ತೆರೆಯ ಮೇಲೆ ಮನೆಯೊಡತಿ ಒಗಾವಾ ಬಂದರು. ಎಂಬತ್ತರ ಹತ್ತಿರದ ವಿಧವೆ. ಮೆಲ್ಲಗೆ ಕೋಣೆಯಿಂದ ಕೋಣೆಗೆ ನಡೆಯುತ್ತ, ಒಂದೊಂದು ಕಡೆ ನಿಂತು ಏನೋ ಕೇಳಿದರು. ದ್ವಾರಕನಾಥ್ ತಲೆಬಾಗಿ “ಹಾಯ್!” ಎಂದರು. ಮರ ತೋರಿಸಿದಾಗ ಇನ್ನೂ ಬಾಗಿ “ಹಾಯ್, ಹಾಯ್!” ಕೊನೆಗೆ ಆಕೆ ಒಂದು ಕಂಬದ ಮೇಲೆ ಕೈಯಿಟ್ಟರು. ಮಕ್ಕಳ ಎತ್ತರ ಅಳೆದ ಪೆನ್ಸಿಲ್ ಗೀಟುಗಳು ಅಲ್ಲಿದ್ದವು. ದ್ವಾರಕನಾಥರು ಕೈಮುಗಿದು ಗಟ್ಟಿಯಾಗಿ “ಹಾಯ್!” ಎಂದುಬಿಟ್ಟರು.

ಒಗಾವಾ ಅಳತೊಡಗಿದರು.

“ಆನಂದಬಾಷ್ಪ!” ಎಂದು ಪಿಸುಗುಟ್ಟಿದರು ದ್ವಾರಕನಾಥ್.

“ಇದು ಸಂತೋಷದ ಅಳು ಅಲ್ಲಾ ರೀ,” ಎಂದರು ರೇಣುಕಾ. ಅವರ ದನಿ ಬದಲಾಗಿತ್ತು.

ಆಗಲೇ ಬಾಗಿಲು ತೆರೆದು ಒಳಬಂದ ಖುಷಿ, ಒಗಾವಾ ಅಳುತ್ತಲೇ ಮೊದಲಿಂದ ಎಲ್ಲವನ್ನೂ ಮತ್ತೆ ಹೇಳುವುದನ್ನು ಕೇಳಿಸಿಕೊಂಡು ಬೆಚ್ಚಿದಳು. “ಅಪ್ಪಾ, ಸ್ಟಾಪ್ ಲಾ! ಮನೆ ಕೆಡವ್ತೀರಾ ಅಂತ ಕೇಳಿದಾರೆ, ನೀವು ಹೌದು ಅಂದಿದೀರ. ಮರ ಕಡೀತೀರಾ ಅಂದ್ರೂ ಹೌದು. ಈಗ ಅವರ ಮಕ್ಕಳ ಗುರುತಿರೋ ಕಂಬಾನೂ ಎಸೆದುಬಿಡ್ತೀರಾ ಅಂತ ಕೇಳ್ತಿದಾರೆ!”

ದ್ವಾರಕನಾಥರ ಮುಖ ಸುಟ್ಟ ಹಪ್ಪಳದಂತಾಯಿತು. ವಠಾರ ಬಿಡುವ ದಿನ ಅಮ್ಮ ಒಲೆಗಟ್ಟೆ ಸವರಿ ಸುಮ್ಮನೆ ನಿಂತಿದ್ದು ಅವರಿಗೆ ನೆನಪಾಯಿತು. “ತಪ್ಪಾಯ್ತು ಅನ್ನಮ್ಮ. ಒಂದು ಮೊಳೇನೂ ಕೀಳಲ್ಲ ಅನ್ನು,” ಎಂದರು ಮಗಳಿಗೆ.

ಖುಷಿ ಹೇಳಿದಳು. ಒಗಾವಾ ಕಣ್ಣೊರೆಸಿಕೊಂಡು, ತುಸು ನಕ್ಕು, ಮತ್ತೊಂದು ಪ್ರಶ್ನೆ ಕೇಳಿದರು.

“ಇಲ್ಲಿ ವಾಸ ಮಾಡ್ತೀರಾ ಅಂತ.”

ದ್ವಾರಕನಾಥ್ ಹೆಂಡತಿಯತ್ತ ನೋಡಿದರು. ಕೆಲಸ, ಮಗಳ ಓದು... “ವರ್ಷಕ್ಕೆ ಎರಡು ವಾರ,” ಎಂದರು ಸಣ್ಣಗೆ.

ಖುಷಿ ಅದನ್ನು ಹೇಳಿದಾಗ ಒಗಾವಾ ಕಂಬದ ಗೀಟುಗಳನ್ನು ಸವರಿದರು. ಆಮೇಲೆ ಮೆತ್ತಗೆ ಹೇಳಿದ್ದನ್ನು ಖುಷಿ ಕನ್ನಡಕ್ಕಿಳಿಸಿದಳು: “ದಿನಾ ಒಲೆ ಹಚ್ಚೋರಿಗೇ ಮನೆ ಕೊಡ್ತಾರಂತೆ. ಬೇಜಾರ್ ಮಾಡ್ಕೋಬೇಡಿ ಅಂದ್ರು. ಹಣ್ಣಾಗೋ ಕಾಲಕ್ಕೆ ಅತಿಥಿಗಳಾಗಿ ಬನ್ನಿ ಅಂತಿದಾರೆ. ಆದ್ರೆ... ಅಷ್ಟರಲ್ಲಿ ಅಪ್ಪ ‘ಇಲ್ಲ’ ಅನ್ನೋದನ್ನ ಕಲೀಬೇಕಂತೆ.”

ರೇಣುಕಾ ಸೆರಗಿನಿಂದ ಕಣ್ಣೊತ್ತಿಕೊಂಡು ತೆರೆಯತ್ತ ಬಾಗಿದರು. “ಹೇಳು ಅವರಿಗೆ, ಅದೊಂದು ಕಲಿಸೋದೇ ಬೇಡ. ಇಪ್ಪತ್ತಾರು ವರ್ಷದಿಂದ ನಾನು ಏನು ಕೇಳಿದ್ರೂ ಬರೀ ಅದನ್ನೇ ಅಂತಿದಾರೆ!”