ಮಾದರಿ ಬಚ್ಚಲಿನ ಕರಾರು

ರಿಪ್ಪನ್‌ಪೇಟೆಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ನೇರ ನನ್ನ ಜಗಲಿಗೆ ಬರುತ್ತಿದ್ದ ಕಾಲವೊಂದಿತ್ತು. ಕೋರ್ಟಿನ ನೋಟೀಸು, ಮಿಲಿಟರಿಯಲ್ಲಿದ್ದ ಮಗನ ತಂತಿ, ಕೆಮ್ಮಿನ ಔಷಧಿ ಬಾಟಲಿಯ ಚೀಟಿ, ಯಾವುದನ್ನೂ ನಾನು ಬಿಟ್ಟವನಲ್ಲ. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಓದಿ ಅರ್ಥ ಹೇಳುತ್ತಿದ್ದೆ. ಅರವತ್ತರ ದಶಕದಲ್ಲಿ ಮಿಡ್ಲ್‌ಸ್ಕೂಲಿನ ಇಂಗ್ಲಿಷ್ ಮೇಷ್ಟರೆಂದರೆ ಅರ್ಧ ವಕೀಲ ಇದ್ದ ಹಾಗೆ. ಉಳಿದರ್ಧವೂ ನಾನೇ ಎಂಬುದು ನನ್ನ ಗಾಢ ನಂಬಿಕೆಯಾಗಿತ್ತು. ಇಂಥ ನನಗೆ ಒಂದು ಕರಾರುಪತ್ರ ಟೋಪಿ ಹಾಕಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಊರಿನವರೆಲ್ಲ ಕೂಡಲೇ ನಂಬಿದರು.

ಟೋಪಿ ಹಾಕಿದವನ ಹೆಸರು ದೊರೆಸ್ವಾಮಿ. ಶಿವಮೊಗ್ಗದ ಒಂದು ಕಂಪನಿಯ ಪ್ರತಿನಿಧಿ. ಮಾರ್ಚ್ ತಿಂಗಳ ಒಂದು ಶನಿವಾರ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಚರ್ಮದ ಚೀಲ ಹಿಡಿದು ಬಂದು ನನ್ನ ಜಗಲಿಯ ಮೇಲೆ ಕೂತ.

"ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ ಸಾರ್. ಈ ಊರಲ್ಲಿ ಅತ್ಯಂತ ವಿದ್ಯಾವಂತರು ಯಾರು ಅಂತ. ಎಲ್ಲರೂ ಒಂದೇ ಮನೆ ತೋರಿಸಿದರು" ಎಂದ.

ಇಷ್ಟು ನಿಷ್ಠುರ ಸತ್ಯವಂತನನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಳಗೆ ಕೂಗಿ ಕಾಫಿ ತರಿಸಿದೆ.

ಅವನ ಕಂಪನಿ ಊರಿಗೊಂದೇ ಮನೆಯನ್ನು ಆರಿಸಿ, ಅಲ್ಲೊಂದು 'ಮಾದರಿ ಸ್ನಾನಗೃಹ' ಕಟ್ಟಿಕೊಡುತ್ತದಂತೆ. ಗೋಡೆಗೆ ಬಿಳಿ ಹೆಂಚು, ನೆತ್ತಿಯ ಮೇಲೆ ತೂತುತೂತಿನ ಷವರು, ಮಾಡಿನ ಪಕ್ಕ ಅಟ್ಟಣಿಗೆ ಕಟ್ಟಿ ಅದರ ಮೇಲೊಂದು ಕಬ್ಬಿಣದ ಟ್ಯಾಂಕು. ನಾನು ಒಂದು ಕಾಸೂ ಕೊಡಬೇಕಾಗಿಲ್ಲ. ಊರಿನವರು ಬಂದು ನೋಡಿದರೆ ಸಾಕು. ಬದಲಿಗೆ ಬಚ್ಚಲಿನಲ್ಲಿರುವ 'ಹಳೇ ಸಾಮಾನು' ಕಂಪನಿಗೆ. ನಮ್ಮ ಬಚ್ಚಲಿನ ಹಳೇ ಸಾಮಾನೆಂದರೆ ಎರಡು ಕೊಳೆತ ಹಲಗೆ, ಒಂದು ತೂತು ಬಕೆಟು. ಕಂಪನಿಯ ದಡ್ಡತನಕ್ಕೆ ನನಗೆ ಮನಸ್ಸಿನಲ್ಲೇ ಮರುಕವಾಯಿತು.

ಬಣ್ಣದ ಚಿತ್ರವೊಂದನ್ನೂ ತೋರಿಸಿದ. ಒಬ್ಬ ಬಿಳಿ ದೊರೆ ಷವರಿನ ಕೆಳಗೆ ನಿಂತು ನಗುತ್ತಿದ್ದ. ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದ ನನ್ನ ಹೆಂಡತಿ ಭಾಗೀರಥಿ ಅದನ್ನು ಬಗ್ಗಿ ನೋಡಿದಳು.

"ಈ ಪುಣ್ಯಾತ್ಮ ನಗ್ತಿದಾನೋ, ಚಳಿಗೆ ಹಲ್ಲು ಕಿರೀತಿದಾನೋ? ಬಿಸಿನೀರು ಎಲ್ಲಿಂದ ಬರುತ್ತೆ ಇದ್ರಲ್ಲಿ?"

"ಟ್ಯಾಂಕು ಬಿಸಿಲಲ್ಲಿ ತಾನೇ ಕಾಯುತ್ತೆ ಅಮ್ಮಾ."

"ನೀವು ಆಷಾಢದಲ್ಲಿ ಈ ಕಡೆ ಬಂದಿದ್ರಾ?" ಎಂದು ಕೇಳಿ ಅವಳು ಒಳಗೆ ಹೋದಳು. ಹೆಂಗಸರಿಗೆ ವಿಜ್ಞಾನ ಹಿಡಿಸುವುದಿಲ್ಲ ಎಂದು ನಾವಿಬ್ಬರು ವಿದ್ಯಾವಂತರು ಮುಗುಳ್ನಕ್ಕೆವು.

ಆಮೇಲೆ ದೊರೆಸ್ವಾಮಿ ಸಣ್ಣ ಅಕ್ಷರಗಳ ಒಂದು ಇಂಗ್ಲಿಷ್ ಕಾಗದವನ್ನು ಮುಂದಿಟ್ಟ. "ಇದು ಬರೀ ಅರ್ಜಿ ಸಾರ್. ಬೇರೆಯವರಿಗಾದ್ರೆ ಓದಿ ಹೇಳ್ತೀನಿ. ನಿಮಗೆ ಹೇಳೋದೇನಿದೆ, ಒಂದು ಸಲ ಕಣ್ಣಾಡಿಸಿದ್ರೆ ಮುಗೀತು."

ಕನ್ನಡಕ ಒಳಗೆ ದೇವರ ಕೋಣೆಯಲ್ಲಿತ್ತು. ಒಂದು ಸಲ ಕಣ್ಣಾಡಿಸಿದರೆ ಮುಗಿಯುವವನು ಎದ್ದು ಹೋಗಿ ಕನ್ನಡಕ ತರುವುದು ಶೋಭೆಯಲ್ಲ. ಹಾಗಾಗಿ ಕಾಗದದ ಮೇಲೆ ಗಂಭೀರವಾಗಿ ಕಣ್ಣಾಡಿಸಿದೆ. ನನಗೆ ಕಂಡದ್ದು ಇರುವೆ ಸಾಲು. ಎರಡು ಕಡೆ ತಲೆಯಾಡಿಸಿ, ಒಂದು ಕಡೆ ಹುಬ್ಬು ಗಂಟಿಕ್ಕಿ, ಕೊನೆಗೆ ಸಹಿ ಹಾಕಿದೆ.

ಅವನು ಹೋದ ಮೇಲೆ ನನ್ನ ಪ್ರತಿಯನ್ನು ಕನ್ನಡಕ ಹಾಕಿಕೊಂಡು ಓದತೊಡಗಿದೆ. ಭಾಗೀರಥಿ ಅಕ್ಕಿ ಆರಿಸುತ್ತಾ ಎದುರಿಗೆ ಕೂತಿದ್ದಳು.

"ನೀವು ಓದಿ ಸಹಿ ಹಾಕಿದ್ದಾ, ಸಹಿ ಹಾಕಿ ಓದ್ತಿರೋದಾ?"

ನಾನು ಓದುತ್ತಾ ಹೋದೆ. ಅದು ಅರ್ಜಿಯಾಗಿರಲಿಲ್ಲ, ಕರಾರಾಗಿತ್ತು. ಟ್ಯಾಂಕಿಗೆ ದಿನವೂ ಏಣಿ ಹತ್ತಿ ನೀರು ತುಂಬುವ ಜವಾಬ್ದಾರಿ ಮನೆಯವರದು. ಹಳೇ ಸಾಮಾನು ಎಂದರೆ ಬಚ್ಚಲಿನಲ್ಲಿರುವ ತಾಮ್ರದ ಸಾಮಾನು. ಕಂಪನಿಯ ಸಾಮಾನು ನಮ್ಮ ಅಂಗಳದಲ್ಲಿ ಇಳಿದ ಗಳಿಗೆಯಿಂದ ಆ ತಾಮ್ರವೆಲ್ಲ ಕಂಪನಿಯ ಸ್ವತ್ತು.

ನಮ್ಮ ಬಚ್ಚಲಿನಲ್ಲಿದ್ದ ತಾಮ್ರ ಒಂದೇ, ಹಂಡೆ. ಭಾಗೀರಥಿಯ ತವರು ಮೇಳಿಗೆಯಿಂದ ಮದುವೆಯ ಮರುದಿನ ಎತ್ತಿನ ಗಾಡಿಯಲ್ಲಿ ಅವಳ ಜೊತೆ ಬಂದದ್ದು. ನಮ್ಮ ಕಡೆ ಬಂದ ನೆಂಟರಿಗೆ ಮೊದಲು ಬಿಸಿನೀರು, ಆಮೇಲೆ ಊಟ. ಬಸ್ಸಿಳಿದು ಬಂದವರು ಆ ಹಂಡೆಯ ನೀರು ಮಿಂದು ಹೊರಗೆ ಬರುವಾಗ ಬೇರೆಯೇ ಮನುಷ್ಯರಾಗಿರುತ್ತಿದ್ದರು. ಅದರ ಬಾಯಿಯ ಅಂಚನ್ನು ಅವಳು ವಾರಕ್ಕೊಮ್ಮೆ ಹುಣಿಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಕರಾರಿನ ಆ ತಾಮ್ರದ ಸಾಲನ್ನು ಕನ್ನಡದಲ್ಲಿ ಹೇಳಿದಾಗ ಅವಳ ಕೈ ಮೊರದ ಮೇಲೆ ಹಾಗೇ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದರೆ ಪುಣ್ಯಕ್ಕೆ ಕೊನೆಯಲ್ಲೊಂದು ಸಾಲಿತ್ತು. ಹದಿನೈದು ದಿನದೊಳಗೆ ಬರಹದಲ್ಲಿ ತಿಳಿಸಿದರೆ ಕರಾರು ರದ್ದು.

"ಹಾಗಾದ್ರೆ ಎಂತಕ್ಕೆ ಯೋಚ್ನೆ?" ಭಾಗೀರಥಿ ಎದ್ದು ಹೋಗಿ ಡಬ್ಬಿಯಿಂದ ಒಂದು ಪೋಸ್ಟ್‌ಕಾರ್ಡು ತಂದಳು. "ಬೇಡ ಅಂತ ಬರ್ದು ಹಾಕಿ."

"ಕಾರ್ಡಿನಲ್ಲೆಲ್ಲ ಕಾನೂನು ನಡೆಯುವುದಿಲ್ಲ ಕಣೇ. ಇದಕ್ಕೆ ಒಂದು ಧಾಟಿ ಇದೆ" ಎಂದೆ. ಅವಳು ಕಾರ್ಡನ್ನು ಮತ್ತೆ ಡಬ್ಬಿಯಲ್ಲಿಟ್ಟಳು.

ಧಾಟಿಗೆ ಎಂಟು ದಿನ ಹಿಡಿಯಿತು. ಸಭ್ಯ ಇಂಗ್ಲಿಷಿನಲ್ಲಿ ಮೊದಲ ಹಾಳೆಯಲ್ಲೇ ಬೇಡ ಎನ್ನುವುದು ಅನಾಗರಿಕತೆ. ಒಂದನೇ ಹಾಳೆಯಲ್ಲಿ ಕಂಪನಿಯ ದೂರದೃಷ್ಟಿಯನ್ನು ಕೊಂಡಾಡಿದೆ. ಎರಡನೆಯದರಲ್ಲಿ ಸ್ನಾನವು ಮನುಕುಲದ ಏಳಿಗೆಗೆ ಸಲ್ಲಿಸಿದ ಸೇವೆಯನ್ನು ವಿವರಿಸಿದೆ. ಮೂರನೆಯದರಲ್ಲಿ ದೊರೆಸ್ವಾಮಿಯ ವಿನಯವನ್ನೂ ಷವರಿನ ಸೌಂದರ್ಯವನ್ನೂ ಹೊಗಳಿದೆ. ನಾಲ್ಕನೇ ಹಾಳೆ 'ಆದರೆ' ಎಂದು ಶುರುವಾಗುತ್ತಿತ್ತು. ಅದರಲ್ಲಿ ಒಂದು ಪದದ ಕಾಗುಣಿತದ ಬಗ್ಗೆ ಸಂಶಯ ಬಂದು ಡಿಕ್ಷನರಿ ತೆಗೆದು ನೋಡಿದೆ. ಸರಿಯಾಗಿಯೇ ಇತ್ತು. ನನ್ನ ಕಾಗುಣಿತ ಯಾವತ್ತೂ ತಪ್ಪುವುದಿಲ್ಲ. ಲಕೋಟೆ ಅಂಟಿಸಿ, ನಾನೇ ಅಂಚೆ ಡಬ್ಬಿಗೆ ಹಾಕಿ, ಒಳಗೆ ಬಿದ್ದ ಸದ್ದು ಕೇಳಿಯೇ ಮನೆಗೆ ಬಂದೆ.

ಮೂರು ವಾರ ಕಳೆದ ಮೇಲೆ ಮೇಳಿಗೆಯಿಂದ ಭಾಗೀರಥಿಯ ತಮ್ಮ ಶ್ರೀಪಾದ ಬಂದ. ಬಂದವನೇ ನನಗೆ ಕೈ ಮುಗಿದ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಭಾವ. ಮೇಳಿಗೆಗೆ ಒಂದೇ ಮನೆ ಅಂತೆ, ನಮ್ದೇ ಆರ್ಸಿದ್ರು. ನಾನು ಮೊದ್ಲು ನಂಬ್ಲಿಲ್ಲ. ನಿಮ್ಮ ಕಾಗ್ದ ತೋರ್ಸಿದ್ಮೇಲೆ ಸಹಿ ಹಾಕ್ದೆ."

"ನನ್ನ ಯಾವ ಕಾಗದ?"

ಅವನು ಜೇಬಿನಿಂದ ಅಚ್ಚು ಮಾಡಿಸಿದ ಒಂದು ಹಾಳೆ ತೆಗೆದ. ಮೇಲೆ ನಗುವ ದೊರೆಯ ಚಿತ್ರ. ಕೆಳಗೆ ನನ್ನ ಕಾಗದ, ಕಂಪನಿಯ ದೂರದೃಷ್ಟಿಯಿಂದ ಹಿಡಿದು ಷವರಿನ ಸೌಂದರ್ಯದವರೆಗೆ, ಅಲ್ಪವಿರಾಮವೂ ಬಿಡದೆ. ಕೊನೆಯಲ್ಲಿ ನನ್ನ ಹೆಸರು, ರಿಪ್ಪನ್‌ಪೇಟೆ.

"ಕೋಣಂದೂರು, ತೀರ್ಥಹಳ್ಳಿ ಕಡೆ ಎಲ್ಲಾ ಹಂಚ್ತಿದಾರೆ ಭಾವ. ಎಂಥಾ ಇಂಗ್ಲಿಷ್ ಅಂತಾರೆ ಜನ."

ಜೀವಮಾನದಲ್ಲಿ ಅಚ್ಚಾದ ನನ್ನ ಮೊದಲ ಬರಹ ಅದು. ನಾನು ಡಿಕ್ಷನರಿ ತೆಗೆದು ಕೊಡವಿದೆ. 'ಆದರೆ' ಎಂದು ಶುರುವಾಗುವ ನಾಲ್ಕನೇ ಹಾಳೆ ಕೆಳಗೆ ಬಿತ್ತು.

ಭಾಗೀರಥಿ ತಮ್ಮನನ್ನು ಒಂದೇ ಮಾತು ಕೇಳಿದಳು. "ಅಮ್ಮನ ಹಂಡೆ?"

"ಹೋದ ಗುರುವಾರ ನಾಲ್ಕು ಪೈಪು ಇಳ್ಸಿ, ಹಂಡೆ ಗಾಡಿಗೆ ಹಾಕ್ಕೊಂಡು ಹೋದ್ರು. ಟ್ಯಾಂಕು ಇನ್ನೂ ಬರ್ಬೇಕು. ಹಿತ್ಲಲ್ಲಿ ತಣ್ಣೀರು ಮೀತಿದೀವಿ."

ಆ ದಿನ ಊಟಕ್ಕೆ ಬಡಿಸುವಾಗ ಅವಳು ನನಗೆ ತುಪ್ಪ ಹಾಕಲು ಮರೆತಳು. ನಾನು ನೆನಪಿಸಲಿಲ್ಲ.

ಹದಿನೈದು ದಿನ ಮುಗಿದು ಹೋಗಿತ್ತು. ಬರುವ ಭಾನುವಾರ ಸಾಮಾನು ಇಳಿಸುತ್ತೇವೆ ಎಂದು ಕಂಪನಿಯಿಂದ ಕಾಗದವೂ ಬಂತು. ಪ್ರತಿಭಟಿಸಿ ಇನ್ನೊಂದು ಕಾಗದ ಬರೆಯುವೆನೆಂದು ಪೆನ್ನಿನ ಮುಚ್ಚಳ ತೆಗೆದೆ. ಭಾಗೀರಥಿ ಪೆನ್ನನ್ನು ಕೈಯಿಂದ ತೆಗೆದುಕೊಂಡು, "ಆ ಕರಾರು ಇನ್ನೊಂದ್ಸಲ ಓದಿ ಹೇಳಿ. ನಿಧಾನಕ್ಕೆ" ಎಂದಳು. ಓದಿದೆ. "ಸಾಮಾನು ಇಳಿದ ಗಳಿಗೆಯಿಂದ?" ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ದೊರೆಸ್ವಾಮಿ ಬಂದ. ಹಿಂದೆಯೇ ಲಾರಿಯಲ್ಲಿ ಟ್ಯಾಂಕು, ಪೈಪು, ಹಾರೆ ಹಿಡಿದ ಇಬ್ಬರು ಆಳು ಬಂದರು. ಸಾಮಾನು ಅಂಗಳದಲ್ಲಿ ಇಳಿಯಿತು. ದೊರೆಸ್ವಾಮಿ ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿದ್ದ.

"ಅಯ್ಯೋ, ಹೀಗೇ ಕೆಲ್ಸಕ್ಕೆ ಇಳಿಯೋದಾ?" ಎಂದಳು ಭಾಗೀರಥಿ, ಅಕ್ಕರೆಯಿಂದಲೇ. "ಹಂಡೆ ಕಾದಿದೆ. ಹೇಗೂ ಕೊನೇ ಸಲ. ಎಣ್ಣೆ ಹಚ್ಚಿಕೊಂಡು ಮಿಂದುಬಿಡಿ. ಇವ್ರು ನೀರು ಹೊಯ್ದು ಕೊಡ್ತಾರೆ."

ಬೇಡ ಬೇಡ ಎನ್ನುತ್ತಲೇ ಅವನು ಶರಟು ಬಿಚ್ಚಿದ. ಆಳುಗಳು ಜಗಲಿಯ ಮೇಲೆ ಅವಲಕ್ಕಿ ತಿನ್ನಲು ಕೂತರು. ದೊರೆಸ್ವಾಮಿಗೆ ಕಾಲು ಸೇರು ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ತಲೆಗೆ ಸೀಗೆಪುಡಿ ಹಾಕಿದೆ. ಸೀಗೆ ಹಣೆಯಿಂದ ಕಣ್ಣಿಗೆ ಇಳಿಯಿತು. "ಸಾರ್, ನೀರು" ಎಂದ. ನಾನು ಹಂಡೆಗೆ ಚೊಂಬು ಅದ್ದಿದೆ.

"ಚೊಂಬು ಕೆಳಗಿಡಿ" ಎಂದು ಬಾಗಿಲ ಆಚೆಯಿಂದ ಭಾಗೀರಥಿಯ ದನಿ ಬಂತು.

"ಯಾಕೆ?"

"ಸಾಮಾನು ಇಳೀತಲ್ಲ. ಹಂಡೆ ಈಗ ಕಂಪ್ನೀದು. ಕಂಪ್ನಿ ಸ್ವತ್ತಿಗೆ ನಾವು ಕೈ ಹಾಕ್ಬಾರ್ದು. ನೀವೇ ಓದಿ ಹೇಳಿದ್ದು."

ನನಗೆ ಆಗಲೂ ಅರ್ಥವಾಗಲಿಲ್ಲ. ಹೌದಲ್ಲ, ಕಾನೂನು ಪ್ರಕಾರ ಅದು ಸರಿ ಎಂದುಕೊಂಡು ಚೊಂಬು ಕೆಳಗಿಟ್ಟೆ.

"ಅಮ್ಮಾ, ಕಣ್ಣು ಉರೀತಿದೆ" ಎಂದ ದೊರೆಸ್ವಾಮಿ.

"ಉರೀದೇ ಇರುತ್ತಾ? ಸೀಗೆ ಅಲ್ವಾ. ತಣ್ಣೀರು ಬಾವೀಲಿದೆ. ಅಂಗ್ಳ ದಾಟಿ ಹೋಗಿ ಸೇದ್ಕೊಳ್ಳಿ. ಆದ್ರೆ ಟ್ಯಾಂಕು ನೋಡೋಕೆ ಅರ್ಧ ಊರೇ ಬಂದು ನಿಂತಿದೆ."

ಅವನು ತನ್ನ ಸೊಂಟದ ತುಂಡು ಪಂಚೆಯನ್ನು ಮುಟ್ಟಿ ನೋಡಿಕೊಂಡ.

"ನಾನೇ ಕಂಪನಿ ಅಂದ್ಕೊಳ್ಳಿ ಅಮ್ಮಾ. ನಾನು ಹೇಳ್ತಿದೀನಿ, ನೀರು ತಗೊಳ್ಳಿ."

"ಬಾಯಲ್ಲಿ ಹೇಳಿದ್ರೆ ನಡೆಯುತ್ತಾ? ಬರಹದಲ್ಲಿ ಬೇಕು."

ಬಾಗಿಲ ಸಂದಿಯಿಂದ ಒಂದು ಬಳೆ ಕೈ ಒಳಗೆ ಬಂತು. ಕೈಯಲ್ಲಿ ಅದೇ ಪೋಸ್ಟ್‌ಕಾರ್ಡು, ಒಂದು ಕಾಪಿ ಪೆನ್ಸಿಲು. ನೀರು ತಾಗಿದಷ್ಟೂ ನೇರಳೆಯಾಗಿ ಗಟ್ಟಿಯಾಗುವ ಪೆನ್ಸಿಲು. ಕಾರ್ಡಿನ ಮೇಲೆ ಅವಳ ದುಂಡು ಕನ್ನಡದಲ್ಲಿ ಎರಡೇ ಸಾಲಿದ್ದವು. ರಿಪ್ಪನ್‌ಪೇಟೆಯ ಕರಾರು ರದ್ದು, ಹಂಡೆ ಮನೆಯವರದು. ಮೇಳಿಗೆಯ ಕರಾರು ರದ್ದು, ಹಂಡೆ ವಾಪಸು.

"ಒಂದೊಂದು ಸಾಲಿನ ಕೆಳಗೂ ಒಂದೊಂದು ಸಹಿ" ಎಂದಿತು ದನಿ.

ದೊರೆಸ್ವಾಮಿ ತಡಕಾಡಿ ಮೊದಲ ಸಹಿ ಹಾಕಿದ. "ಈಗ ಒಂದು ಚೊಂಬು ಹೊಯ್ಯಿರಿ. ಬಲಗಣ್ಣಿಗೆ" ಎಂದಳು. ಹೊಯ್ದೆ. ತೆರೆದ ಬಲಗಣ್ಣಿನಿಂದ ಅವನು ಎರಡನೇ ಸಾಲನ್ನು ಓದಿದ. "ಅಮ್ಮಾ, ಮೇಳಿಗೆಯದು ಆಗಲೇ ಗೋಡೌನಿಗೆ ಹೋಗಿದೆ."

"ಹೌದಾ? ಎಡಗಣ್ಣು ಹೇಗಿದೆ?"

ಅವನು ಎರಡನೇ ಸಹಿ ಹಾಕಿದ.

ಆಮೇಲೆ ಭಾಗೀರಥಿ ಹೊರಗಿನ ಒಲೆಬಾಯಿಯಿಂದ ಬೆಂಕಿಗೆ ಇನ್ನೆರಡು ಸೌದೆ ಕುಂಟೆ ತುರುಕಿದಳು. ಹೊಗೆಯಾಡುವ ನೀರನ್ನು ನಾನು ಹೊಯ್ದೆ, ಹೊಯ್ದೆ, ಕೈ ಸೋಲುವವರೆಗೆ ಹೊಯ್ದೆ. ಅವನು ಹಬೆಯಲ್ಲಿ ಕಣ್ಣು ಮುಚ್ಚಿ ಮೆತ್ತಗಾಗಿ ಕೂತುಬಿಟ್ಟ. ಮಿಂದು ಬಂದು ಎರಡು ಸಲ ಅನ್ನ ಹಾಕಿಸಿಕೊಂಡು, ಜಗಲಿಯಲ್ಲಿ ಗೊರಕೆ ಹೊಡೆದು ಎದ್ದ. ಟ್ಯಾಂಕು ಬಂದ ಲಾರಿಯಲ್ಲೇ ವಾಪಸು ಹೋಯಿತು. ಹೊರಡುವ ಮುಂಚೆ ಅವನು ಹಂಡೆಯನ್ನು ಇನ್ನೊಮ್ಮೆ ಹೋಗಿ ನೋಡಿ ಬಂದ.

"ಸಾರ್, ತಪ್ಪು ತಿಳ್ಕೋಬೇಡಿ. ಇಂಥದ್ದನ್ನ ಇಟ್ಕೊಂಡು ಯಾರಾದ್ರೂ ಷವರಿಗೆ ಸಹಿ ಹಾಕ್ತಾರಾ?" ಎಂದು ನನ್ನನ್ನು ಕೇಳಿದ.

ನಾಲ್ಕು ದಿನದಲ್ಲಿ ಮೇಳಿಗೆಯ ಹಂಡೆ ಮರಳಿತು, ಅಂಚಿನಲ್ಲೊಂದು ತಗ್ಗು ಮಾಡಿಕೊಂಡು. ನನ್ನ ಅಚ್ಚಾದ ಕಾಗದ ಮಾತ್ರ ಮರಳಲಿಲ್ಲ. ಹೊಸನಗರ, ಸಾಗರದ ಕಡೆಯ ಮದುವೆಮನೆಗಳಲ್ಲಿ ಅಪರಿಚಿತರು ನನ್ನನ್ನು ಹುಡುಕಿಕೊಂಡು ಬಂದು, "ಷವರಿನ ಮೇಷ್ಟರು ನೀವೇನಾ? ನಿಮ್ಮಿಂದ ನಮ್ಮ ಹಂಡೆ ಹೋಯ್ತು" ಎಂದು ಕುಶಲ ವಿಚಾರಿಸುತ್ತಿದ್ದರು.

ಒಂದು ತಿಂಗಳು ನಮ್ಮ ಜಗಲಿಗೆ ಯಾರ ಕಾಗದವೂ ಬರಲಿಲ್ಲ. ಕೊನೆಗೊಂದು ದಿನ ಸೋಡಾ ಅಂಗಡಿಯ ಮಂಜಪ್ಪ ಒಂದು ಉದ್ದ ಲಕೋಟೆ ಹಿಡಿದು ಬಂದ. ನಾನು ಉತ್ಸಾಹದಿಂದ ಕನ್ನಡಕ ಏರಿಸಿದೆ.

"ಅಮ್ಮ ಇದಾರಾ ಸಾರ್? ಒಂದು ಇಂಗ್ಲಿಷ್ ಕಾಗ್ದ ಬಂದಿತ್ತು."

"ಅವಳಿಗೆ ಇಂಗ್ಲಿಷ್ ಬರುವುದಿಲ್ಲಪ್ಪ."

"ಗೊತ್ತು ಸಾರ್. ನೀವು ಓದಿ. ಅರ್ಥ ಅಮ್ಮ ಹೇಳ್ಲಿ."

ಅಂದಿನಿಂದ ಅದೇ ಪದ್ಧತಿಯಾಯಿತು. ಊರಿನವರು ಕಾಗದ ತರುತ್ತಾರೆ, ನಾನು ಗಂಟಲು ಸರಿಮಾಡಿಕೊಂಡು ಓದುತ್ತೇನೆ, ಭಾಗೀರಥಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು ಏನು ಮಾಡಬೇಕೆಂದು ಹೇಳುತ್ತಾಳೆ. ನಾನು ಓದಲು ಶುರುಮಾಡುವ ಮುಂಚೆ ಮಾತ್ರ, ಮೊರದಿಂದ ತಲೆ ಎತ್ತದೆ, ಬಂದವರೆದುರಿಗೇ ಒಂದು ಮಾತು ಹೇಳುತ್ತಾಳೆ.

"ಹಾಳೆ ಎಲ್ಲಾ ಇದಾವಾ, ಎಣಿಸ್ಕೊಳ್ಳಿ."

ನಾನು ಎಣಿಸಿಕೊಳ್ಳುತ್ತೇನೆ.