ಮೂಗಿನಲ್ಲಿ ಶೇಂಗಾ, ಕೈಯಲ್ಲಿ ಶಿರಾ

ನಮ್ಮ ಮನೆಯವರು ಆರಾಮವಾಗಿ ಇರೋಣವೆಂದು ಎಲ್ಲಿಗೆ ಹೋದರೂ ಅಲ್ಲಿ ಯಾರಿಗಾದರೂ ಆರಾಮ ತಪ್ಪುತ್ತದೆ. ಗೋಕರ್ಣಕ್ಕೆ ಹೋದಾಗ ನನ್ನ ಹಲ್ಲು, ಮೈಸೂರಿಗೆ ಹೋದಾಗ ಅವ್ವನ ಮೊಣಕಾಲು. ಈ ಸಲ ದೂರ ಹೋಗುವುದೇ ಬೇಡವೆಂದು ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಗೆ ಬೀಗ ಹಾಕಿ, ಧಾರವಾಡದ ಆಚೆ ಕಾಡಂಚಿನಲ್ಲಿರುವ ಒಂದು ರಿಸಾರ್ಟಿಗೆ ಹೋದೆವು. ನಾನು, ಹೆಂಡತಿ, ಅವ್ವ ಮತ್ತು ನಾಲ್ಕು ವರ್ಷದ ಮಗಳು. ಹತ್ತಿರ ಹೋದರೆ ಅನಾಹುತವೂ ಸಣ್ಣದಿರುತ್ತದೆ ಎಂಬುದು ನನ್ನ ಲೆಕ್ಕ. ಸಣ್ಣದೇ ಇತ್ತು. ಒಂದು ಶೇಂಗಾ ಕಾಳಿನಷ್ಟು.

೧. ಹೊರಗಿನ ತಿನಿಸು

ರವಿವಾರ ಬೆಳಿಗ್ಗೆ ಊಟದ ಕೋಣೆಯಲ್ಲಿ ಕೂತಿದ್ದೆವು. ಹುಬ್ಬಳ್ಳಿಯಿಂದ ದುಡ್ಡು ಕೊಟ್ಟು ಹೋದ ನಮಗೆ ಅಲ್ಲಿ ತಿಂಡಿಗೆ ಮೊದಲು ಇಟ್ಟದ್ದು ನಮ್ಮೂರಿನದೇ ಶೇಂಗಾ ಹಾಕಿದ ಚುರುಮುರಿ, ಗಿರ್ಮಿಟ್. ನಾನು ಪುಸ್ತಕ ಓದುತ್ತಿದ್ದೆ. ಮಗಳು ಬಂದು ತೊಡೆ ಅಲುಗಾಡಿಸಿದಳು.

"ಅಪ್ಪಾ, ಶೇಂಗಾ ಮನಿಯೊಳಗ ಹೋತು."

"ಯಾರ ಮನಿಯೊಳಗ?"

ಬಲಗಡೆಯ ಮೂಗಿನ ಹೊಳ್ಳೆ ತೋರಿಸಿದಳು.

ಇಣುಕಿ ನೋಡಿದೆ. ಒಳಗೆ ಬಲು ದೂರದಲ್ಲಿ ಕೆಂಪು ಸಿಪ್ಪೆಯೊಂದು ಕಾಣಿಸಿತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನನ್ನ ಪಾಲಿನದ್ದನ್ನೂ ಸೇರಿಸಿ ಚೀರಿದಳು. ಮ್ಯಾನೇಜರು ಟೈ ಸರಿಪಡಿಸಿಕೊಳ್ಳುತ್ತ ಓಡಿಬಂದರು. ಹತ್ತಿರ ಡಾಕ್ಟರ್ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಅವರು ಗಂಭೀರವಾಗಿ ಮಗಳ ಮೂಗನ್ನು ನೋಡಿದರು, ನಮ್ಮ ಮೇಜನ್ನು ನೋಡಿದರು.

"ಸರ್, ಒಂದು ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಶೇಂಗಾ ನಮ್ಮ ಗಿರ್ಮಿಟ್ಟಿಂದೋ, ನೀವು ತಂದಿದ್ದೋ?"

"ಯಾಕ್ರಿ?"

"ಹೊರಗಿನ ತಿನಿಸು ಒಳಗ ತರೂಹಂಗಿಲ್ರಿ."

೨. ಸೀನು

ಒಂದು ಮೂಗಿನಲ್ಲಿ ಕಾಳು ಸಿಕ್ಕರೆ ಕೋಣೆಯಲ್ಲಿದ್ದ ಅಷ್ಟೂ ಜನ ವೈದ್ಯರಾಗುತ್ತಾರೆ. ಒಬ್ಬರು ಕೂಸನ್ನು ತಲೆಕೆಳಗು ಹಿಡಿಯಿರಿ ಎಂದರು. ಇನ್ನೊಬ್ಬರು ಹೇರ್‌ಪಿನ್ನು ಹುಡುಕತೊಡಗಿದರು. ಆಗ ಪಕ್ಕದ ಮೇಜಿನಿಂದ ಧೋತರ ಉಟ್ಟ ಯಜಮಾನರೊಬ್ಬರು ಎದ್ದು ಬಂದರು.

"ಯಾರೂ ಗಡಿಬಿಡಿ ಮಾಡಬ್ಯಾಡ್ರಿ. ಒಂದು ಸೀನು ಬಂತಂದ್ರ ಕಾಳು ತಾನಾ ಹೊರಗ ಬೀಳತೈತಿ," ಎಂದು ಕಿಸೆಯಿಂದ ನಶ್ಯದ ಡಬ್ಬಿ ತೆಗೆದರು.

ನಾನು "ಬ್ಯಾಡ್ರೀ" ಎಂದೆ. ನಾನು "ಬ್ಯಾಡ್ರೀ" ಎನ್ನುವುದು ಸಾಮಾನ್ಯವಾಗಿ ಯಾರಿಗೂ ಕೇಳಿಸುವುದಿಲ್ಲ. ಅವರು ಡಬ್ಬಿಯ ಮುಚ್ಚಳ ತೆಗೆದದ್ದು ಜೋರಾಗಿ ತಿರುಗುತ್ತಿದ್ದ ಫ್ಯಾನಿನ ಸರಿಯಾಗಿ ಕೆಳಗೆ.

ಅವ್ವ ಸೀನಿದಳು. ಮ್ಯಾನೇಜರು ಸೀನಿದರು. ದೋಸೆ ಹಾಕುತ್ತಿದ್ದವನು ಕಾವಲಿ ಬಿಟ್ಟು ಓಡಿಹೋಗಿ ಸೀನಿದ. ಈಜಲು ಹೊರಟಿದ್ದವರು ಬಾಗಿಲಲ್ಲೇ ನಿಂತು ಸೀನಿದರು. ಯಜಮಾನರಂತೂ ಕಂಬ ಹಿಡಿದುಕೊಂಡು ಸೀನಿದರು. ಸೀನದೆ ಉಳಿದವಳು ನಮ್ಮ ಮಗಳೊಬ್ಬಳೇ. ಅವಳು ಬಾಯಿ ತೆರೆದು ಎಲ್ಲರನ್ನೂ ನೋಡಿ ಚಪ್ಪಾಳೆ ತಟ್ಟಿದಳು.

"ಅಜ್ಜಾ, ಇನ್ನೊಮ್ಮೆ ಮಾಡ್ರೀ!"

೩. ಬಟಾಣಿ

ಹುಬ್ಬಳ್ಳಿಯಲ್ಲಿ ನಾವು ತೋರಿಸುವ ಮಕ್ಕಳ ಡಾಕ್ಟರಿಗೆ ಫೋನು ಮಾಡಿದೆ. ಅವರು ನಗಲಿಲ್ಲ.

"ಕಡ್ಡಿ, ಪಿನ್ನು ಏನೂ ಹಾಕಬ್ಯಾಡ್ರಿ. ಅಂಗಾತ ಮಲಗಸಬ್ಯಾಡ್ರಿ. ಕಾಳು ಹಿಂದಕ್ಕ ಜಾರಿ ಉಸಿರಿನ ಕೊಳವಿಗೆ ಹೋತಂದ್ರ ಜೀವಕ್ಕ ಕುತ್ತು. ಇಲ್ಲೀತನಕಾ ಬರೂದೂ ಬ್ಯಾಡ. ಅಲ್ಲೇ ಸಮೀಪ ಯಾವ ಡಾಕ್ಟರ್ ಅದಾರ, ಅವರ ಕಡೆ ಲಗೂ ಹೋಗ್ರಿ."

ಅಲ್ಲಿಯವರೆಗೆ ಶೇಂಗಾ ಬರೀ ಶೇಂಗಾ ಆಗಿತ್ತು. ಮಗಳನ್ನು ನೆಟ್ಟಗೆ ಕೂರಿಸಿ ಕಾರಿನ ಕೀಲಿ ಹುಡುಕಿದೆ.

ಅಷ್ಟರಲ್ಲಿ ಹೆಂಡತಿ ಸುದ್ದಿಯನ್ನು ಮನೆಯವರ ವಾಟ್ಸಾಪಿಗೆ ಹಾಕಿಬಿಟ್ಟಿದ್ದಳು. ಕೆಲಗೇರಿಯ ದೊಡ್ಡವ್ವನ ಫೋನು ಬಂತು.

"ಏನೂ ಹೆದರಬ್ಯಾಡಪಾ. ನಿಮ್ಮ ದೊಡ್ಡಪ್ಪ ಸಣ್ಣವರಿದ್ದಾಗ ಮೂಗಿನ್ಯಾಗ ಬಟಾಣಿ ಹಾಕ್ಕೊಂಡಿದ್ರು."

ನನಗೆ ಜೀವ ಬಂದಂತಾಯಿತು. "ಹೌದಾ? ಹೆಂಗ ತಗದ್ರು ದೊಡ್ಡವ್ವ?"

"ತಗದಿಲ್ಲ. ಈಗ ಅವರು ಪೆನ್ಶನ್ ತಗೊಳ್ಳಾಕತ್ತಾರ. ಬಟಾಣಿ ಇನ್ನೂ ಬರೂದೈತಿ."

೪. ಶಿರಾ

ರಿಸಾರ್ಟಿನ ಗೇಟಿನವನು ದಾರಿ ಹೇಳಿದ. "ಮುಂದಿನ ಊರಾಗ ಸರಕಾರಿ ದವಾಖಾನಿ ಡಾಕ್ಟರ ಮನಿ ಐತ್ರಿ. ಊರ ಅಗಸಿ ಬಾಗಿಲಾ ದಾಟಿ ಎಡಕ್ಕ ಹೊರಳ್ರಿ. ರವಿವಾರ ಮನ್ಯಾಗ ಇರ್ತಾರ."

ಹೊರಡುವ ಗಡಿಬಿಡಿಯಲ್ಲೂ ಅವ್ವ ಸೊಸೆಯನ್ನು ತಡೆದಳು. "ಮಂದಿ ಮನಿಗೆ ಈ ಪ್ಯಾಂಟಿನ್ಯಾಗ ಹೋಗ್ತೀಯೇನು?" ನಾನು ಕಾರು ತಿರುಗಿಸುವಷ್ಟರಲ್ಲಿ ಹೆಂಡತಿ ಗುಡಿಗೆಂದು ತಂದಿದ್ದ ಇಳಕಲ್ ಸೀರೆ ಸುತ್ತಿಕೊಂಡು ಬಂದಳು. ಅವ್ವ ಮೊದಲೇ ಪತ್ತಲ ಉಟ್ಟಿದ್ದಳು. ಕೂಸಿನ ಮೂಗಿನಲ್ಲಿ ಕಾಳು ಸಿಕ್ಕಿತೆಂದು ಓಡುವವರು ಹೀಗಿರುವುದಿಲ್ಲ ಎಂದು ಯಾರಿಗಾದರೂ ಅನ್ನಿಸಬೇಕು.

ಊರಿನಲ್ಲಿ ಮನೆ ಹುಡುಕುವ ಕಷ್ಟವೇ ಆಗಲಿಲ್ಲ. ಬಾಗಿಲ ಮುಂದೆ ದೊಡ್ಡ ರಂಗೋಲಿ. ಕಾರು ನಿಲ್ಲುವ ಮೊದಲೇ ಕರಿ ಟೊಪ್ಪಿಗೆ ಹಾಕಿಕೊಂಡ ಹಿರಿಯರೊಬ್ಬರು ಕೈಮುಗಿದು ಬಂದರು.

"ಬರ್ರಿ, ಬರ್ರಿ! ಹುಬ್ಬಳ್ಳಿಯಿಂದ ಅಲ್ಲೇನ್ರಿ?"

"ಹೌದ್ರಿ," ಎಂದೆ. ಸರಳ ಮನುಷ್ಯ, ಒಳ್ಳೆಯ ಡಾಕ್ಟರು ಎಂದುಕೊಂಡೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಕೂರುವಷ್ಟರಲ್ಲಿ ಬೆಲ್ಲ, ನೀರು ಬಂದವು. ನಾನು ಬಾಯಿ ತೆರೆದೆ, ಉಪ್ಪಿಟ್ಟು ಬಂತು. ಮತ್ತೆ ಬಾಯಿ ತೆರೆದೆ, ಸಿಹಿಗೆಂದು ಶಿರಾ ಬಂತು. ಅವ್ವ ನನ್ನ ಕಿವಿಯಲ್ಲಿ, "ನಮ್ಮ ಹುಬ್ಬಳ್ಳಿ ಡಾಕ್ಟರ್ ಒಂದು ದಿನಾರ ನೀರು ಕೊಟ್ಟಾರೇನು?" ಎಂದಳು.

ಹೆಂಡತಿಗೆ ತಡೆಯಲಾಗಲಿಲ್ಲ. "ಯಪ್ಪಾ, ಕೂಸಿನ ಮೂಗಿನ್ಯಾಗ ಶೇಂಗಾ ಹೋಗೇತ್ರಿ! ಮೊದಲ ಅದನ್ನ ನೋಡ್ರಿ!"

ಹಿರಿಯರ ಮುಖ ಅರಳಿತು.

"ಭಾಳ ಛಲೋ ಆತು ಬಿಡ್ರಿ! ಆಕಿ ಸೀರಿ ಉಟ್ಟು ಬರಾಕತ್ತಾಳ. ಆಕಿ ಕೆಲಸಾನೂ ನೀವು ನೋಡಿದಂಗ ಆತು!"

೫. ಫೋಟೋ

ಈ "ಆಕಿ" ಯಾರು, ಸೀರೆಗೂ ಶೇಂಗಾಕ್ಕೂ ಏನು ಸಂಬಂಧ ಎಂದು ನಾನು ಶಿರಾದ ತಾಟು ಹಿಡಿದು ಲೆಕ್ಕ ಹಾಕುತ್ತಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ಹೆಂಗಸರ ಗುಂಪು. ಎಲ್ಲರೂ ಕೂಸನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಒಬ್ಬಾಕೆ ಹೆಂಡತಿಯನ್ನು ಕೇಳಿದಳು, "ನೀವು ಇವರ ಅಕ್ಕಾರೇನ್ರಿ?"

ಹೆಂಡತಿ ಕೂಸನ್ನು ಎತ್ತಿಕೊಂಡು ನನಗೆ ಒತ್ತಿ ಕೂತಳು. 

ಗುಂಪಿನ ಹಿಂದಿದ್ದ ಮುದುಕಿಯೊಬ್ಬಳು ಮುಂದೆ ಬಂದು, ಕನ್ನಡಕ ಏರಿಸಿ, ನನ್ನ ತಲೆಯನ್ನು ಹಣೆಯಿಂದ ನೆತ್ತಿಯವರೆಗೆ ಸಾವಕಾಶವಾಗಿ ನೋಡಿದಳು. ಆಮೇಲೆ ಪಿಸುಮಾತೆಂದುಕೊಂಡು ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು:

"ಫೋಟೋದಾಗ ಕೂದಲಾ ಭಾಳ ಇದ್ದುವಲ್ಲ!"

೬. ಕೂಸು

ನಾನು ಶಿರಾದ ತಾಟು ಹಿಡಿದುಕೊಂಡೇ ಎದ್ದು ನಿಂತೆ. ಮಗಳು ಈಗ ಅಳುತ್ತಿದ್ದಳು. ಅಳುವಾಗೊಮ್ಮೆ ಉಸಿರು ಒಳಗೆ ಎಳೆದುಕೊಂಡರೆ ಹುಬ್ಬಳ್ಳಿ ಡಾಕ್ಟರು ಹೇಳಿದ ಉಸಿರಿನ ಕೊಳವೆ ನೆನಪಾಗುತ್ತಿತ್ತು. ಹಿರಿಯರಿಗೆ ಕೈಮುಗಿಯಲೂ ಆಗದೆ ತಾಟು ಹಿಡಿದ ಕೈಯನ್ನೇ ಎತ್ತಿ ಮುಗಿದೆ.

"ಡಾಕ್ಟರ್, ದಯಮಾಡಿ ಒಮ್ಮೆ ನೀವು ನೋಡ್ರಿ."

"ನಾನೆಲ್ಲಿ ಡಾಕ್ಟರ್ರೀ! ನಾ ಹತ್ತಿ ವ್ಯಾಪಾರಸ್ಥ. ಡಾಕ್ಟರ್ ಅಂದ್ರ ನನ್ನ ಮಗಳು."

ಆ ಹೊತ್ತಿಗೆ ರೇಷ್ಮೆ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊತ್ತು, ಹೂವಿನ ದಂಡೆ ಮುಡಿದು, ನೆಲ ನೋಡುತ್ತ ಚಹಾದ ಟ್ರೇ ಹಿಡಿದ ಹುಡುಗಿಯೊಬ್ಬಳು ಒಳಗಿನಿಂದ ಬಂದಳು. ಕೂಸಿನ ಉಸಿರಿನ ಸಪ್ಪಳ ಕೇಳಿದ್ದೇ ತಡ, ತಲೆ ಎತ್ತಿದಳು. ಟ್ರೇ ನನ್ನ ಇನ್ನೊಂದು ಕೈಗೆ ಬಂತು. ಸೆರಗು ಸೊಂಟಕ್ಕೆ ಹೋಯಿತು.

"ಯಾವ ಕಡೆ? ಎಷ್ಟೊತ್ತಾತು? ಕೆಮ್ಮಾಕತ್ತಾಳೇನು?"

ಹೆಂಡತಿ ಎಲ್ಲಕ್ಕೂ ಉತ್ತರ ಕೊಟ್ಟಳು. ಹುಡುಗಿ ಮೊಬೈಲಿನ ಬೆಳಕಿನಲ್ಲಿ ಒಳಗೆ ನೋಡಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಡಗಡೆಯ ಹೊಳ್ಳೆಯನ್ನು ಬೆರಳಿನಿಂದ ಒತ್ತಿದಳು. "ಅಕ್ಕಾರ, ಆಕಿ ಬಾಯಿಗೆ ನಿಮ್ಮ ಬಾಯಿ ಹಚ್ಚಿ ಒಮ್ಮೆ ಗಟ್ಟಿಯಾಗಿ ಊದ್ರಿ. ಮುದ್ದು ಕೊಟ್ಟಂಗ."

ಹೆಂಡತಿ ಊದಿದಳು. ಏನೂ ಆಗಲಿಲ್ಲ. ಎರಡನೆಯ ಸಲ ಊದಿದಳು. ಪಟ್ಟನೆ ಶೇಂಗಾ ಹಾರಿ ಜಮಖಾನೆಯ ಮೇಲೆ ಬಿತ್ತು, ಸಿಪ್ಪೆ ಸಹಿತ. ಮಗಳು ಮೂಗು ಮುಟ್ಟಿ ನೋಡಿಕೊಂಡು ನಕ್ಕಳು. ಹೆಂಡತಿ ಅಳತೊಡಗಿದಳು. ನನಗೂ ಅಳು ಬಂದಿತ್ತು, ಎರಡೂ ಕೈ ತುಂಬಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ.

ತಾಟು, ಟ್ರೇ ಕೆಳಗಿಟ್ಟು ಪಾಕೀಟು ತೆಗೆದೆ. "ಡಾಕ್ಟರ್, ನಿಮ್ಮ ಫೀ?"

ಅಡಿಗೆಮನೆಯ ಬಾಗಿಲಲ್ಲಿದ್ದ ಹೆಂಗಸರು ಪಡಸಾಲೆಗೆ ಬಂದರು.

"ಬೀಗರು ಫೀ ಕೊಡ್ತಾರೇನ್ರಿ?" ಎಂದರು ಹಿರಿಯರು.

"ಬೀಗರು ಯಾರ್ರಿ? ನಾವು ರಿಸಾರ್ಟಿನಿಂದ ಬಂದೇವಿ."

"ಹುಬ್ಬಳ್ಳಿಯವರು ಅಂದ್ರಿ?"

"ಹುಬ್ಬಳ್ಳಿಯವರ. ಆದ್ರ ಶೇಂಗಾ ತಗಸಾಕ ಬಂದವರು."

"ಮತ್ತ ಕನ್ಯಾ ನೋಡಾಕ?"

"ಇಲ್ರಿ," ಎಂದೆ. "ನನ್ನ ಹೆಂಡತಿ ಇಲ್ಲೇ ಕುಂತಾಳ."

"ಅಕ್ಕ ಅಲ್ಲ!" ಎಂದಳು ಹೆಂಡತಿ, ಅಳುವಿನ ನಡುವೆಯೇ.

ಹಿರಿಯರು ನನ್ನನ್ನು ನೋಡಿದರು, ಖಾಲಿಯಾದ ಉಪ್ಪಿಟ್ಟಿನ ತಾಟುಗಳನ್ನು ನೋಡಿದರು, ಮಗಳನ್ನು ನೋಡಿದರು. ಅದೇ ಕ್ಷಣ ಹೊರಗೆ ಕಾರಿನ ಬಾಗಿಲುಗಳು ಒಂದರ ಹಿಂದೊಂದು ಬಡಿದವು. ಹೊಸ್ತಿಲಲ್ಲಿ ನಿಜವಾದ ಬೀಗರು ಬಂದು ನಿಂತರು. ಮುಂದೆ ಒಬ್ಬ ಅಜ್ಜಿ, ಹಿಂದೆ ತಲೆತುಂಬ ಕೂದಲಿನ ವರ.

ಅವರು ಕಂಡದ್ದು ಇದು: ಪಡಸಾಲೆಯ ನಡುವೆ ಸೆರಗು ಬಿಗಿದು, ದಂಡೆ ಜಾರಿ, ಬೆವರಿ ಕೂತ ಕನ್ಯಾ. ಅವಳ ತೊಡೆಯ ಮೇಲೆ, ಕೊರಳ ಸರ ಹಿಡಿದುಕೊಂಡು ಕೆಳಗಿಳಿಯಲು ಒಲ್ಲೆನೆನ್ನುವ ನಾಲ್ಕು ವರ್ಷದ ಕೂಸು. ಎದುರಿಗೆ ಕಣ್ಣೀರು ಹಾಕುತ್ತಿರುವ ಹೆಂಗಸು, ಪಕ್ಕದಲ್ಲಿ ಪಾಕೀಟು ಹಿಡಿದು ನಿಂತ ಬೋಳು ತಲೆಯ ಗಂಡಸು.

ಅಜ್ಜಿ ಹೊಸ್ತಿಲ ಮೇಲಿಂದಲೇ ಕೂಸಿನತ್ತ ಬೆರಳು ಮಾಡಿದಳು. 

"ಯಪ್ಪಾ, ಈ ಕೂಸು ಯಾರದು?"

ಹುಡುಗಿಯ ತಂದೆ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

"ಅದನ್ನ ನಾವೂ ಈಗ ಕೇಳಾಕತ್ತೇವಿ, ಒಳಗ ಬರ್ರಿ."