ಮೋಡಕ್ಕೊಂದು ಮಣೆ

ಧೂಳು ಕಂಡರೆ ನನಗಾಗುವುದಿಲ್ಲ. ಕೆಲವರಿಗೆ ಹಲ್ಲಿ ಆಗುವುದಿಲ್ಲ, ಕೆಲವರಿಗೆ ನಾದಿನಿ ಆಗುವುದಿಲ್ಲ, ಹಾಗೆ. ಇದು ನಾನು ಓದಿದ ಕಾನ್ವೆಂಟಿನ ಕೊಡುಗೆ. ಅಲ್ಲಿ ಸಿಸ್ಟರ್ ಆಗ್ನೆಸ್ ಅಂತ ಒಬ್ಬರಿದ್ದರು. ಬೆಳಗಿನ ಪ್ರೇಯರ್ ಮುಗಿದ ಮೇಲೆ ತಮ್ಮ ಬಿಳಿ ಕರ್ಚೀಫನ್ನು ನಮ್ಮ ಡೆಸ್ಕಿನ ಮೇಲೆ ಒಮ್ಮೆ ಎಳೆದು, ಅದನ್ನು ನಮ್ಮ ಮೂಗಿನ ಮುಂದೆ ಹಿಡಿದು, "ವಾಟ್ ಈಸ್ ದಿಸ್, ಚೈಲ್ಡ್?" ಎಂದು ಮೆಲ್ಲಗೆ ಕೇಳುತ್ತಿದ್ದರು. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಮೆಲ್ಲಗೆ ಕೇಳಿದ್ದರಿಂದ ಇವತ್ತಿಗೂ ಕಿವಿಯಲ್ಲಿದೆ. ಇಂಥ ಟ್ರೈನಿಂಗ್ ಆದವಳನ್ನು ಮದುವೆ ಮಾಡಿ ಕಳಿಸಿದ್ದು ತಿಪಟೂರಿಗೆ. ಗಾಳಿಗೆ ಬಾಚಣಿಗೆ ಹಾಕಿದರೆ ತೆಂಗಿನ ನಾರು ಸಿಗುವ ಊರು ಅದು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಲ್ಲಿ ಹೆಸರು ಬರೆಯಬಹುದಿತ್ತು. ನಾನು ಬರೆದೂ ಇದ್ದೇನೆ, ಕರ್ಸಿವ್‌ನಲ್ಲಿ.

ಅದಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅಟ್ಟ. ನಮ್ಮ ಕಡೆ ಕಾಯಿಯನ್ನು ಕಿತ್ತ ತಕ್ಷಣ ಒಡೆಯುವುದಿಲ್ಲ, ಮಟ್ಟೆಸಮೇತ ಹೆಂಚಿನ ಕೆಳಗಿನ ಅಟ್ಟಕ್ಕೆ ಏರಿಸಿ ವರ್ಷವೊಪ್ಪತ್ತು ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಅಲ್ಲಿಯವರೆಗೆ ಒಂದು ಹನಿ ನೀರೂ ತಾಕಬಾರದು. ನಮ್ಮ ಮನೆಯಲ್ಲಿ ಆ ಅಟ್ಟ ಅತ್ತೆಯವರ ರಾಜ್ಯ. ಏಣಿ ಅವರ ಮಂಚದ ಪಕ್ಕದಲ್ಲೇ ಇರುತ್ತಿತ್ತು. ಅಲ್ಲಿ ಯಾರೂ ಯಾವತ್ತೂ ಗುಡಿಸಿದ್ದಿಲ್ಲ. ಸಂಜೆ ಇಲಿಗಳು ಓಡಾಟ ಶುರು ಮಾಡಿದರೆ ಹಲಗೆಯ ಸಂದಿನಿಂದ ಕಂದು ಪುಡಿ ಸಣ್ಣಗೆ ಉದುರುತ್ತಿತ್ತು. ಕಾನ್ವೆಂಟಿನಲ್ಲಿ ಸ್ನೋ ಬಗ್ಗೆ ಎಷ್ಟು ಪದ್ಯ ಬಾಯಿಪಾಠ ಮಾಡಿದ್ದೆನೋ, ದೇವರು ಅದನ್ನು ಈ ರೂಪದಲ್ಲಿ ನನ್ನ ತಟ್ಟೆಗೆ ಹಾಕಿದ. ಕೆಳಗೊಂದು ಬಿಳಿ ಬಟ್ಟೆಯ ಸೀಲಿಂಗ್ ಕಟ್ಟಿಸೋಣ ಎಂದರೆ ಅತ್ತೆ, "ಅಟ್ಟಕ್ಕೆ ಗಾಳಿ ಆಡ್ಬೇಕು ಕಣೇ, ಲಂಗ ಉಡ್ಸಕ್ಕಾಯ್ತದಾ?" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಒಂದು ವರ್ಷ ಮುಂಗಾರು ತಡವಾಯಿತು. ದಿನಾ ಮೋಡ ಬರುವುದು, ನಮ್ಮ ಬೀದಿಯನ್ನು ಒಂದು ಸಲ ನೋಡಿ, ತುರುವೇಕೆರೆ ಕಡೆಗೆ ಹೋಗುವುದು. ಅದೇ ಹೊತ್ತಿಗೆ, ಸರ್ಕಾರದವರು ವಿಮಾನದಲ್ಲಿ ಹೋಗಿ ಮೋಡಕ್ಕೆ ಏನೋ ಪುಡಿ ಎರಚಿ ಮಳೆ ಬರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಬೀದಿಯಲ್ಲಿ ಇಂಗ್ಲಿಷ್ ಪೇಪರ್ ತರಿಸುತ್ತಿದ್ದವಳು ನಾನೊಬ್ಬಳೇ. ಎದುರು ಮನೆಯ ನಿಂಗಮ್ಮ ನಾಲ್ಕು ಜನರನ್ನು ಕರೆದುಕೊಂಡು ಜಗಲಿಗೆ ಬಂದು, "ಅದೇನು ಪುಡಿ, ಒಸಿ ಓದಿ ಹೇಳ್ರೀ ಅಮ್ಮಾವ್ರೆ" ಎಂದಳು. ಯಾರಾದರೂ ಎಕ್ಸ್‌ಪ್ಲೇನ್ ಮಾಡಿ ಎಂದರೆ ಬಿಡುವವಳಲ್ಲ ನಾನು. ಆಕಾಶದಲ್ಲಿ ನೀರಿನ ಆವಿ ಎಷ್ಟು ಬೇಕಾದರೂ ಇರುತ್ತದೆ, ಆದರೆ ಅದು ತಾನಾಗಿ ಹನಿಯಾಗುವುದಿಲ್ಲ, ಕೂರುವುದಕ್ಕೆ ಒಂದು ಮಣೆ ಬೇಕು ಎಂದೆ. ಧೂಳಿನ ಕಣ, ಹೊಗೆಯ ಕಣ, ಸಮುದ್ರದಿಂದ ಹಾರಿ ಬಂದ ಉಪ್ಪಿನ ಕಣ, ಇವೇ ಮಣೆ. ಇನ್ನೂ ಮೇಲೆ, ಮೈ ಕೊರೆಯುವ ಚಳಿಯಲ್ಲೂ ನೀರು ಹಟ ಹಿಡಿದು ನೀರಾಗಿಯೇ ಇರುತ್ತದೆ. ಸರಿಯಾದ ಕಣ ಸಿಕ್ಕಿದರೆ ಅದರ ಮೇಲೆ ಕೂತು ಐಸ್ ಆಗುತ್ತದೆ, ಬೆಳೆದು ಭಾರವಾಗಿ ಬೀಳುತ್ತದೆ, ಬೀಳುತ್ತಾ ಕರಗಿ ಮಳೆಯಾಗುತ್ತದೆ. ವಿಮಾನದವರು ಎರಚುವುದು ಬೆಳ್ಳಿ ಬೆರೆತ ಒಂದು ಉಪ್ಪು. ಅದರ ಕಣದ ಆಕಾರ ಐಸಿನ ಹಾಗೇ ಇರುವುದರಿಂದ ನೀರು ಮೋಸ ಹೋಗಿ ಕೂತುಬಿಡುತ್ತದೆ.

ನಿಂಗಮ್ಮ ಯೋಚಿಸಿ, "ಅಂದ್ರೆ ಮಳೆಗೂ ಬೀಗರ ಥರ ಬೆಳ್ಳಿ ಮಣೆನೇ ಆಗ್ಬೇಕು. ನಮ್ಮನೆಗೆ ಬರಲ್ಲ ಬುಡು" ಎಂದಳು.

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಧೂಳಿಂದ ಮಳೆ ಬತ್ತದೆ ಅಂತ ಬೀದಿಗೆಲ್ಲ ಪಾಠ ಹೇಳ್ತೀಯ. ಮತ್ತೆ ಬೆಳಗಾದ್ರೆ ಪೊರಕೆ ಹಿಡ್ಕೊಂಡು ಅದನ್ನ ಯಾಕೆ ಓಡಿಸ್ತೀಯೆ?" ಎಂದರು. ನಾನು ಪೇಪರ್ ಮಡಿಸಿಟ್ಟು ಜಗಲಿಯ ಧೂಳು ಒರೆಸಿದೆ.

ಮುಂದಿನ ವಾರ ಅತ್ತೆ ಮತ್ತು ಯಜಮಾನರು ಕಂದಿಕೆರೆಗೆ ಒಂದು ನಾಮಕರಣಕ್ಕೆ ಹೋದರು. ಏಣಿ ಇಲ್ಲೇ ಉಳಿಯಿತು. ಅಟ್ಟವನ್ನು ಒಳಗಿನಿಂದ ಗುಡಿಸಿದರೆ ಧೂಳೆಲ್ಲ ಅಡಿಗೆಮನೆಗೇ ಬೀಳುತ್ತದೆಂದು, ಹೆಂಚು ತೆಗೆಸಿ ಮೇಲಕ್ಕೇ ಗುಡಿಸುವ ಪ್ಲಾನ್ ಮಾಡಿದೆ. ಮಾಯಸಂದ್ರದಿಂದ ಹೆಂಚಿನ ಕೆಲಸದ ಸಿದ್ದಣ್ಣ ಬಂದ. ಒಂದು ಪಕ್ಕದ ಹೆಂಚನ್ನೆಲ್ಲ ಇಳಿಸಿ, ಆಕಾಶ ನೋಡಿ, "ಮ್ವಾಡ ಐತಲ್ಲಾ ಅಮ್ಮಾವ್ರೆ" ಎಂದ. ನಾನು ಪೂರ್ತಿ ಕಾನ್ಫಿಡೆನ್ಸಿನಿಂದ, "ಅದಕ್ಕೆ ಮಣೆ ಇಲ್ಲ ಕಣಪ್ಪ. ವಿಮಾನ ಬರದೆ ಅದು ಮಳೆಯಾಗೋಲ್ಲ" ಎಂದೆ. ಸಿದ್ದಣ್ಣನಿಗೆ ಇದು ಅರ್ಥವಾಗಲಿಲ್ಲ, ಆದರೆ ಮನೆ ನನ್ನದಲ್ಲವೇ. ಅವನು ಗುಡಿಸಿದ, ನಾನು ತಲೆಗೆ ಟವೆಲ್ ಸುತ್ತಿಕೊಂಡು ಚಾಪೆ ಒದರಿದೆ. ಎಷ್ಟು ಕಾಲದ ಧೂಳೋ, ಕಂದು ಬಣ್ಣದ ದೊಡ್ಡ ಮೋಡವಾಗಿ ಎದ್ದು, ಬೀದಿಯ ಮೇಲೆ ನಿಧಾನವಾಗಿ ಹೋಯಿತು. ಜೀವನದಲ್ಲಿ ಅಷ್ಟು ಸಂತೋಷಪಟ್ಟ ದಿನಗಳು ನನಗೆ ಕಡಿಮೆ.

ಸಿದ್ದಣ್ಣ ಊಟಕ್ಕೆ ಹೋದ. ಗಾಳಿ ನಿಂತಿತು. ಪಡುವಣದಿಂದ ಬಂದ ಮೋಡವೊಂದು ತುರುವೇಕೆರೆಯ ದಾರಿ ಮರೆತ ಹಾಗೆ ನಮ್ಮ ಮನೆಯ ನೆತ್ತಿಯ ಮೇಲೆ ನಿಂತು ಸುರಿಯತೊಡಗಿತು. ತೆರೆದ ಸೂರಿನ ಕೆಳಗೆ ಇಡೀ ವರ್ಷದ ಕಾಯಿ. ನಾನು ಬೀದಿಗೆ ಓಡಿ ಕೂಗಿದೆ, ಇಂಗ್ಲಿಷಿನಲ್ಲಿ ಕೂಗಿದೆನಂತೆ. ಮಳೆ ನೋಡಲು ಹೊರಗೆ ನಿಂತಿದ್ದವರೆಲ್ಲ ಒಳಗೆ ನುಗ್ಗಿದರು. ನಿಂಗಮ್ಮ ಏಣಿಯ ಮೇಲೆ, ಪಕ್ಕದ ಟೈಲರ್ ರಹಮತ್ ಅಟ್ಟದಲ್ಲಿ, ಕೈಯಿಂದ ಕೈಗೆ ಕಾಯಿ ಇಳಿಯಿತು. ಅಷ್ಟರಲ್ಲಿ, ಯಜಮಾನರನ್ನು ಕಂದಿಕೆರೆಯಲ್ಲೇ ಬಿಟ್ಟು, ಅತ್ತೆ ಒಬ್ಬರೇ ಬಂದರು. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗಲೇ ತಿಪಟೂರಿನ ಮೇಲೆ ಮಳೆ ಕಂಡು, ಬಸ್ಸಿನವರಿಗೆಲ್ಲ ನಾಮಕರಣದ ಸಕ್ಕರೆ ಹಂಚಿ ಬಂದಿದ್ದರಂತೆ. ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ಸೂರಿನಲ್ಲಿ ಆಕಾಶ ಕಾಣುತ್ತಿತ್ತು.

ಮಳೆ ನಿಂತ ಮೇಲೆ ರಹಮತ್ ತನ್ನ ಹಿತ್ತಲಿಂದ ಯಾರದೋ ಮದುವೆಯ ಬಿಳಿ ಅಂಗಿ ತಂದು ತೋರಿಸಿದ. ಮೈತುಂಬ ಕಂದು ಚುಕ್ಕೆ. "ನಿಮ್ದೇ ಧೂಳು ಮೇಡಂ. ಬೇಕಾದ್ರೆ ನಾರು ನೋಡಿ" ಎಂದ. ಅಟ್ಟದ ಹಲಗೆಯ ಮೇಲೂ ಅದೇ ಕೆಸರು. ಅತ್ತೆ ಅದನ್ನು ಬೆರಳಲ್ಲಿ ಮುಟ್ಟಿ, "ನೀನು ಓಡಿಸಿದ್ದೆ. ಅದು ನೆಂಟರನ್ನ ಕರ್ಕೊಂಡು ವಾಪಸ್ ಬಂತು" ಎಂದರು. ಬೀಳುವ ಹನಿ ದಾರಿಯಲ್ಲಿ ಸಿಕ್ಕ ಧೂಳನ್ನು ತೊಳೆದು ತರುವುದೇ ಬೇರೆ, ಮೋಡದಲ್ಲಿ ಧೂಳಿನ ಸುತ್ತ ಹನಿ ಕಟ್ಟುವುದೇ ಬೇರೆ ಎಂದು ನಾನು ವಿವರಿಸಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ವಿಮಾನ ನಮ್ಮ ಕಡೆ ಬಂದೇ ಇರಲಿಲ್ಲ, ಧೂಳು ಎದ್ದಿದ್ದನ್ನು ಮಾತ್ರ ಎಲ್ಲರೂ ನೋಡಿದ್ದರು. ಇಷ್ಟು ಸಾಕಾಯಿತು ಬೀದಿಗೆ.

ಒದ್ದೆಯಾದ ಕಾಯಿ ಒಳಗೆ ಕೊಳೆತರೂ ಹೊರಗೆ ಹೇಳುವುದಿಲ್ಲ. ಒಡೆದ ದಿನವೇ ಗೊತ್ತಾಗಬೇಕು. ಅತ್ತೆ ಅವತ್ತೇ ಕಂಡಿಷನ್ ಹಾಕಿದರು: "ಕೊಬ್ಬರಿ ಬೆಳ್ಳಗೆ ಬಂದ್ರೆ ನಿನ್ ಬಟ್ಟೆ ಸೀಲಿಂಗ್ ಕಟ್ಸು. ಕೆಟ್ರೆ, ನಾನಿರೋಗಂಟ ಅಟ್ಟದ ಸುದ್ದಿ ಎತ್ಬೇಡ." ತಿಂಗಳುಗಟ್ಟಲೆ ಕಾದೆ. ಇಲಿಗಳ ಪುಡಿ ತಟ್ಟೆಗೆ ಬಿದ್ದರೂ ಸುಮ್ಮನೆ ಉಂಡೆ. ಒಡೆಯುವ ದಿನ ಒಳಮೂಲೆಯ ಕಾಯಿಗಳು ಬೆಳ್ಳಗೆ, ದುಂಡಗೆ ಬಂದವು. ಹೆಂಚು ತೆಗೆದ ಪಕ್ಕದವು ಒಂದೊಂದೂ ಕಪ್ಪು. ಯಜಮಾನರು ನೋಡಲು ಬಂದಾಗ ಅತ್ತೆ ಆ ರಾಶಿಯ ಮೇಲೆ ಗೋಣಿ ಎಳೆದು, "ಇಲಿ ಕಾಟ ಕಣ್ಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸೀಲಿಂಗ್ ಇಲ್ಲ" ಎಂದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುವರ್ಷವೂ ಮಳೆ ತಡವಾಯಿತು. ನಿಂಗಮ್ಮ ಬೀದಿಯವರನ್ನೆಲ್ಲ ಕಟ್ಟಿಕೊಂಡು ಬಂದಳು, ಈ ಸಲ ಅತ್ತೆಯ ಹತ್ತಿರಕ್ಕೆ. "ಸೊಸೆ ಕೈಲಿ ಇನ್ನೊಂದ್ಸಲ ಅಟ್ಟ ಗುಡಿಸ್ರವ್ವಾ." ಅತ್ತೆ ನನ್ನನ್ನು ಕರೆದು, "ನಿಜ ಹೇಳು, ನಿನ್ ಪುಸ್ತಕದಲ್ಲಿ ಏನೈತೆ? ಗುಡಿಸಿದ್ರೆ ಬತ್ತದಾ?" ಎಂದರು. ಬೀದಿಯೆಲ್ಲ ನನ್ನ ಬಾಯಿ ನೋಡುತ್ತಿತ್ತು. ಒಂದು ಅಟ್ಟದ ಧೂಳು ಒಂದು ಮೋಡಕ್ಕೆ ಏನೇನೂ ಅಲ್ಲ, ಅಬ್ಸಲ್ಯೂಟ್ಲಿ ನಥಿಂಗ್ ಎಂದು ನನಗೆ ಗೊತ್ತಿತ್ತು. ಕಣ್ಣೆತ್ತಿದೆ. ಹಲಗೆಯ ಸಂದಿನಿಂದ ಒಂದು ಎಳೆ ನಾರು ಇಳಿಯುತ್ತಿತ್ತು. "ಬರಲ್ಲ ಅಂತ ಸೈನ್ಸ್ ಹೇಳೋಕಾಗಲ್ಲ. ಆದರೆ ಧೂಳು ಕೆಳಗೆ ಸೋರಬಾರದು, ಎಲ್ಲಾ ಮೇಲಕ್ಕೇ ಹೋಗಬೇಕು. ಅದಕ್ಕೆ ಅಟ್ಟದ ಕೆಳಗೊಂದು ಬಟ್ಟೆ ಕಟ್ಟಬೇಕು" ಎಂದೆ.

ರಹಮತ್ ಎರಡೇ ದಿನದಲ್ಲಿ ಹೊಲಿದುಕೊಟ್ಟ. ಈ ಸಲ ಕಾಯಿಯನ್ನೆಲ್ಲ ಮೊದಲೇ ಇಳಿಸಿ, ಹೆಂಚು ತೆಗೆಸಿ, ಬೀದಿಯವರ ಸಮಕ್ಷಮದಲ್ಲಿ ಗುಡಿಸಿದೆ. ಮಳೆ ಬರಲಿಲ್ಲ. ಹೋದ ವರ್ಷವೇ ಗುಡಿಸಿದ್ದರಿಂದ ಏಳುವುದಕ್ಕೆ ಧೂಳೂ ಇರಲಿಲ್ಲ. "ಕಿಲೀನು ಮಾಡಿ ಮಾಡಿ ಮಳೆ ಕಳೆದ್ಲು" ಎಂದು ನಿಂಗಮ್ಮ ತೀರ್ಪು ಕೊಟ್ಟಳು. ಅತ್ತೆ ಬಿಳಿ ಸೀಲಿಂಗನ್ನೂ ನನ್ನನ್ನೂ ಒಮ್ಮೆ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತೆಂದು ನನ್ನ ನಂಬಿಕೆ. ಆದರೆ ಬಟ್ಟೆ ಬಿಚ್ಚು ಎನ್ನಲಿಲ್ಲ.

ಅತ್ತೆ ಹೋಗಿ ಬಹಳ ವರ್ಷವಾಯಿತು, ಈಗ ಅವರ ವಯಸ್ಸು ನನಗೆ. ಜೂನ್ ತಿಂಗಳಲ್ಲಿ ಮೋಡಗಳು ನಮ್ಮ ಬೀದಿಯನ್ನು ದಾಟಿ ತುರುವೇಕೆರೆ ಕಡೆಗೆ ಹೋಗುವಾಗ ಕಿಟಕಿಯಲ್ಲಿ ನಿಂತು ನೋಡುತ್ತೇನೆ. ಕೈಯಲ್ಲಿ ಒರೆಸುವ ಬಟ್ಟೆ ಇದ್ದೇ ಇರುತ್ತದೆ. ಕಿಟಕಿಯ ಹಲಗೆಯನ್ನೆಲ್ಲ ಒರೆಸಿ, ಮೂಲೆಯಲ್ಲಿ ಒಂದಿಷ್ಟು ಧೂಳನ್ನು ಮಾತ್ರ ಹಾಗೇ ಬಿಡುತ್ತೇನೆ. ಸಿಸ್ಟರ್ ಆಗ್ನೆಸ್ ಎಲ್ಲಿಂದಲೋ ಕರ್ಚೀಫ್ ಹಿಡಿದು ಬಂದು ಮೆಲ್ಲಗೆ ಕೇಳಿದರೆ ಉತ್ತರ ರೆಡಿ ಇದೆ. ಅದು ಮಣೆ, ಸಿಸ್ಟರ್.